ಹಕ್ಕರಕಿ ಹುಟ್ಟಿದ ಹಿತ್ತಲು

ನಮ್ಮೂರಲ್ಲಿ ತಪ್ಪಲು, ಎಂದರೆ ಸೊಪ್ಪು, ಬಿತ್ತಿದವರ ಹಿತ್ತಲಲ್ಲಿ ಹುಟ್ಟುವುದಿಲ್ಲ. ನೀವು ನಿಮ್ಮ ಮಡಿಯಲ್ಲಿ ಮೆಂತ್ಯ ಚೆಲ್ಲಿ, ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಕೈ ತೊಳೆದುಕೊಂಡು ಒಳಗೆ ಬಂದಿರೋ, ಅದು ಮೂರು ಓಣಿ ಆಚೆ ಯಾವಳದೋ ಬಚ್ಚಲ ಮಗ್ಗುಲಲ್ಲಿ ತಲೆ ಎತ್ತುತ್ತದೆ. ಹೊಲದ ಜೋಳಕ್ಕೆ ಈ ಚಾಳಿ ಇಲ್ಲ, ಬೇವಿನ ಗಿಡಕ್ಕಿಲ್ಲ, ಕುಂಬಳ ಬಳ್ಳಿ ಕೂಡ ಊರಿದಲ್ಲೇ ಮರ್ಯಾದೆಯಿಂದ ಹಬ್ಬುತ್ತದೆ. ತಪ್ಪಲಿಗೆ ಮಾತ್ರ ತವರಿನ ಮಣ್ಣು ಒಗ್ಗುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ನಮ್ಮತ್ತೆಯನ್ನು ಯಾಕೆ ಹೀಗೆ ಎಂದು ಕೇಳಿದ್ದೆ. ಹಂಗ, ಎಂದಿದ್ದರು. ನಲವತ್ತು ವರ್ಷ ಕಳೆದ ಮೇಲೆ, ಇದೇ ಊರಲ್ಲಿ ಹುಟ್ಟಿ ಬೆಳೆದ ನನ್ನ ಸೊಸೆ ಶಶಿಕಲಾ ಕೂಡ ಬಂದು ಅದನ್ನೇ ಕೇಳಿದಳು. ನಾನೂ ಹಂಗ ಎಂದೆ. ಅಷ್ಟು ವರ್ಷದಲ್ಲಿ ನನಗೆ ತಿಳಿದದ್ದೂ ಅಷ್ಟೇ.

ಹೀಗಾಗಿ ಶಿವರಾತ್ರಿ ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಊರಿಗೆ ಊರೇ ಬುಟ್ಟಿ, ಕುಡಗೋಲು ಹಿಡಿದು ಕಂಡವರ ಹಿತ್ತಲಲ್ಲಿರುತ್ತದೆ. ಬಿತ್ತಿದವರು ಕೊಯ್ಯಬೇಕು, ಹುಟ್ಟಿದ ಹಿತ್ತಲಿನವರು ನೀರು ಹಾಕಬೇಕು, ಕೊಯ್ದವರು ನೀರು ಹಾಕಿದವರಿಗೆ ಒಂದು ಹಿಡಿ ಬಿಟ್ಟು ಹೋಗಬೇಕು. ಯಾರದ್ದೆಂದು ತಿಳಿಯಲಿ ಎಂದು ಪ್ರತಿ ಮನೆಯವರೂ ಮಡಿಯ ಅಂಚಿಗೆ ಮೂಲಂಗಿ ಬೀಜದಿಂದ ಗುರುತು ಹಾಕುತ್ತಾರೆ. ನಮ್ಮ ಮನೆತನದ್ದು ಮೂರು ಮೂಲಂಗಿ, ಒಂದು ಗೇಣು ಖಾಲಿ, ಮತ್ತೆ ಮೂರು. ತಪ್ಪಲು ಎಲ್ಲಿ ಹುಟ್ಟುತ್ತದೋ ಗುರುತೂ ಅಲ್ಲೇ ಹುಟ್ಟುತ್ತದೆ. ಅದನ್ನು ನೋಡಿದ ಹಿತ್ತಲಿನವರು ಎಂಟು ದಿನದೊಳಗೆ ಬಿತ್ತಿದವರ ಮನೆಗೆ ಹೋಗಿ, ನಿಮ್ಮದು ನಮ್ಮಲ್ಲಿ ಬಂದಿದೆ ಎಂದು ಹೇಳಬೇಕು. ಗುರುತಿಲ್ಲದೆ ಹುಟ್ಟಿದ್ದಕ್ಕೆ ವಾರಸುದಾರರಿಲ್ಲ. ಎಂಟು ದಿನ ಕಾದು ತಾವೇ ತಿನ್ನಬಹುದು. ಗುರುತಿದ್ದೂ ಹೇಳದೆ ತಿಂದವರ ಮನೆಗೆ ಹೆಣ್ಣು ಕೊಡುವವರಿಲ್ಲ. ಕೊತ್ತಂಬರಿ ಹುಡುಕಲು ಹೋಗಿ ಮಗನಿಗೆ ಹೆಣ್ಣು ಹುಡುಕಿಕೊಂಡು ಬಂದವರೂ ಇದ್ದಾರೆ. ನನ್ನ ಮಗನ ಕಥೆಯೇ ಹಾಗೆ. ಶಶಿಕಲಾಳ ತವರಿನ ಹಿತ್ತಲಲ್ಲಿ ನಮ್ಮ ಸಬ್ಬಸಿಗೆ ಹುಟ್ಟಿತ್ತು. ನಾನು ಒಂದು ಹಿಡಿ ಬಿಟ್ಟು ಬಂದೆ, ಅವರು ಮಗಳನ್ನೇ ಬಿಟ್ಟು ಹೋದರು.

ಈಗ ನನ್ನ ಸಂಕಟ ಕೇಳಿ. ನನ್ನ ಮದುವೆಯಲ್ಲಿ ನನ್ನ ಅವ್ವ ನನ್ನ ಸೆರಗಿನ ತುದಿಗೆ ಒಂದು ಗಂಟು ಕಟ್ಟಿ ಕಳಿಸಿದ್ದಳು. ಬಂಗಾರ ಇರಬಹುದೆಂದು ನಮ್ಮತ್ತೆ ಬಿಚ್ಚಿ ನೋಡಿದರೆ ಹಕ್ಕರಕಿ ಬೀಜ. ಹಕ್ಕರಕಿ ಎಂದರೆ ನೆಲಕ್ಕೆ ಅಂಟಿಕೊಂಡು ಬೆಳೆಯುವ ತಪ್ಪಲು, ಗರಗಸದ ಹಾಗೆ ಎಲೆ, ಚಿವುಟಿದರೆ ಹಾಲು. ಬೇಯಿಸುವ ಹಾಗಿಲ್ಲ. ಬಿಸಿ ರೊಟ್ಟಿ, ಕೆಂಪು ಖಾರ, ಮೊಸರು, ಪಕ್ಕದಲ್ಲಿ ಹಸಿ ಹಕ್ಕರಕಿ. ಎಲ್ಲರ ಹಕ್ಕರಕಿಯೂ ಕಹಿಯೇ. ನನ್ನ ಅವ್ವನದು ಮೊದಲು ಕಹಿ, ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಸಿಹಿ. ಅದನ್ನು ತಿಂದು ನಮ್ಮ ಮಾವ ತೊಂಬತ್ತೊಂಬತ್ತು ವರ್ಷ ಬದುಕಿದ. ನೂರನೇ ವರ್ಷ ಒಂದು ಹೊತ್ತು ತಿನ್ನಲಿಲ್ಲ, ಅದಕ್ಕೇ ಸತ್ತ.

ಆ ಬೀಜವನ್ನು ನಾನು ವರ್ಷ ವರ್ಷ ಉಳಿಸಿಕೊಂಡು ಬಂದಿದ್ದೆ. ಹೋದ ಮಳೆಗಾಲದಲ್ಲಿ ಗಡಿಗೆಗೆ ತೇವ ಹತ್ತಿ ಬೀಜವೆಲ್ಲ ಬೂಸಲು ಬಂತು. ಆರಿಸಿ ಆರಿಸಿ ಒಂದು ಹಿಡಿ ಉಳಿಯಿತು. ಇಟ್ಟರೆ ಅದೂ ಕೆಡುತ್ತದೆಂದು ಶಿವರಾತ್ರಿಯ ಮರುದಿನ ಅಷ್ಟನ್ನೂ ಬಿತ್ತಿದೆ. ಸುತ್ತ ಮೂಲಂಗಿ ಊರುವಾಗ ಶಶಿಕಲಾ ಬಂದು, ಅತ್ತೀ ಈ ಬೀಜ ಹಗುರಾಗಿದೆ, ನುಸಿ ತಿಂದಿದೆ, ಅಂಗಡಿಯಿಂದ ಬೇರೆ ತರಿಸೋಣ ಎಂದಳು. ನೀನು ಹೇಳಿದ ಮಾತ್ರಕ್ಕೆ ಬೀಜ ಸಾಯುವುದಿಲ್ಲ, ಹೋಗಿ ರೊಟ್ಟಿ ನೋಡು ಎಂದೆ. ಅವಳು ರೊಟ್ಟಿ ನೋಡಲು ಹೋದಳು. ಎಲ್ಲೋ ಹುಟ್ಟಿದ ಹಕ್ಕರಕಿಯಲ್ಲಿ ಹತ್ತು ಗಿಡವನ್ನಾದರೂ ಹೂವಿಗೆ ಬಿಟ್ಟರೆ ಬೀಜ ಮತ್ತೆ ಕೈಗೆ ಬರುತ್ತದೆ. ಬಿಡದಿದ್ದರೆ ನನ್ನ ಅವ್ವನ ಸೆರಗಿನ ಗಂಟು ಅಲ್ಲಿಗೆ ಮುಗಿಯಿತು.

ಎಂಟು ದಿನ ಕಳೆಯಿತು. ಯಾರೂ ಬರಲಿಲ್ಲ. ಹದಿನೈದು ದಿನ ಕಳೆಯಿತು. ಪಕ್ಕದ ಮನೆಗೆ ಬಂದು ಹೇಳಿದರು, ಎದುರು ಮನೆಗೆ ಬಂದು ಹೇಳಿದರು, ಊರ ಹೊರಗೆ ಡೇರೆ ಹಾಕಿದ್ದ ಪಾತ್ರೆ ಮಾರುವವನಿಗೂ ಯಾರೋ ಬಂದು, ನಿನ್ನ ಪುದೀನ ನಮ್ಮಲ್ಲಿ ಬಂದಿದೆ ಎಂದು ಹೇಳಿ ಹೋದರು. ನನ್ನ ಬಾಗಿಲಿಗೆ ಒಂದು ಕಾಗೆ ಕೂಡ ಬರಲಿಲ್ಲ. ಯಾರೋ ಮುಚ್ಚಿಟ್ಟು ತಿನ್ನುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು.

ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಾನೇ ಹೊರಟೆ. ಹತ್ತು ದಿನದಲ್ಲಿ ನಾನು ಇಣುಕದ ಗೋಡೆ ಇಲ್ಲ. ಚಪ್ಪಲಿ ಸವೆದು ಊರಿನ ನಕಾಶೆಯೇ ಅಂಗಾಲಿಗೆ ಹತ್ತಿತು. ಪಾರಮ್ಮನ ಹಿತ್ತಲಲ್ಲಿ ಏಳು ಮನೆಯ ತಪ್ಪಲು ಹುಟ್ಟಿ, ಕೊಯ್ಯುವವರ ಗದ್ದಲದಲ್ಲಿ ಪಾರಮ್ಮ ಬಚ್ಚಲಿಗೆ ಹೋಗಲು ಸರದಿ ನಿಂತಿದ್ದಳು. ಕುರವತ್ತೆಪ್ಪ ಮಾಸ್ತರರಿಗೆ ಸಬ್ಬಸಿಗೆ ವಾಸನೆ ಬಂದರೆ ತಲೆಶೂಲೆ. ಪಾಪ, ವರ್ಷ ವರ್ಷ ಅವರಲ್ಲಿ ಸಬ್ಬಸಿಗೆಯೇ ಹುಟ್ಟುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ನೀರು ಹಾಕುತ್ತಿದ್ದರು. ನಿಮ್ಮಲ್ಲಿ ನನ್ನ ಹಕ್ಕರಕಿ ಬಂದಿದೆಯೇ ಎಂದರೆ, ಬಂದಿದ್ದರೆ ನಾನೇಕೆ ಇಷ್ಟು ದುಃಖದಲ್ಲಿರುತ್ತಿದ್ದೆ ಎಂದು ಟವೆಲಿನ ಒಳಗಿನಿಂದಲೇ ಕೇಳಿದರು. ಎಲ್ಲಿ ಹೋದರೂ ಇಲ್ಲ, ಇಲ್ಲ, ಇಲ್ಲ. ಇಲ್ಲ ಎನ್ನುವವರ ಹಲ್ಲಿನ ಸಂದಿಯನ್ನೂ ನಾನು ನೋಡುತ್ತಿದ್ದೆ, ಹಸಿರು ಇದೆಯೇನೋ ಎಂದು.

ಒಂದೇ ಒಂದು ಮನೆಗೆ ಹೋಗಲಿಲ್ಲ. ಅದು ನೀಲಗಂಗವ್ವನದು. ನನ್ನ ನೆಗೆಣ್ಣಿ, ಎಂದರೆ ನನ್ನ ಗಂಡನ ತಮ್ಮನ ಹೆಂಡತಿ. ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ, ಆಮೇಲೆ ಅಣ್ಣತಮ್ಮಂದಿರು ಪಾಲಾದಾಗ ಬೇರೆಯಾದವಳು. ಪಾಲಿನಲ್ಲಿ ಗುರುತು ಕೂಡ ಪಾಲಾಯಿತು; ಮೂರು ಮೂಲಂಗಿ ನಮಗೆ, ಎರಡು ಮೂಲಂಗಿ ಅವರಿಗೆ. ಅಷ್ಟಾದರೂ ಮಾತು ಇತ್ತು. ಮಾತು ಬಿಟ್ಟದ್ದು ನನ್ನ ಮಗನ ಮದುವೆಯ ಬೀಗರೂಟದಲ್ಲಿ. ಇನ್ನೂರು ಎಲೆಗೆ ನಾನು ಒಬ್ಬಳೇ ಹಸಿ ತಪ್ಪಲಿನ ಪಚಡಿ ಕಲಸಿದ್ದೆ. ಬೀಗರ ಸಾಲಿನ ನಟ್ಟನಡುವೆ ನಿಂತು ಇವಳು ಒಂದು ಎಸಳು ಬಾಯಿಗೆ ಹಾಕಿಕೊಂಡು, ಯಕ್ಕಾ, ಉಪ್ಪು ಎರಡು ಸಲ ಬಿದ್ದೈತಿ ಎಂದಳು. ಬೀಗಿತಿ ನಕ್ಕಳು. ಅವತ್ತಿನಿಂದ ಒಂಬತ್ತು ವರ್ಷ ನಾನು ಅವಳ ಓಣಿಯ ಗಾಳಿ ಕೂಡ ಕುಡಿದಿಲ್ಲ. ನನ್ನ ಗಂಡ ತೀರಿಕೊಂಡಾಗ ಬಂದು ಅತ್ತಳು, ನಾನೂ ಅತ್ತೆ. ಬೇರೆ ಬೇರೆ ಅತ್ತೆವು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ, ಹೇಗೂ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ವರ್ಷ ನಮ್ಮ ಹಿತ್ತಲಲ್ಲಿ, ನುಗ್ಗೆ ಮರದ ಕೆಳಗೆ, ಕೊತ್ತಂಬರಿ ಹುಟ್ಟಿತ್ತು. ಅಂಥಾ ಕೊತ್ತಂಬರಿ ನಾನು ಜನ್ಮದಲ್ಲಿ ನೋಡಿಲ್ಲ. ಅದರ ವಾಸನೆಗೆ ಓಣಿಯ ಬೆಕ್ಕುಗಳು ಸಾರು ಸಾರು ಎಂದು ಅಳುತ್ತಿದ್ದವು. ಅಂಚಿನಲ್ಲಿ ಎರಡು ಮೂಲಂಗಿ, ಒಂದು ಗೇಣು ಖಾಲಿ, ಮತ್ತೆ ಎರಡು. ಯಾರದ್ದೆಂದು ಕಣ್ಣು ಕಾಣದವರಿಗೂ ಗೊತ್ತಾಗುತ್ತಿತ್ತು. ನಾನು ಹೋಗಿ ಹೇಳಲಿಲ್ಲ. ಬಿಸಿಲು ತಾಗಿ ಬಾಡಬಾರದೆಂದು ಓಣಿಯ ಕಡೆಗೆ ಒಂದು ಹರಕು ಚಾಪೆ ಕಟ್ಟಿದೆ. ಹೂವಿಗೆ ಹೋಗಿ ಹಾಳಾಗಬಾರದೆಂದು ಆಗಾಗ ತುದಿ ಚಿವುಟಿದೆ. ಚಿವುಟಿದ್ದನ್ನು ಬಿಸಾಕುವುದು ಪಾಪವೆಂದು ಚಟ್ನಿ ಅರೆದೆ. ಶಶಿಕಲಾ ಚಟ್ನಿ ತಿಂದಳು, ಏನೂ ಅನ್ನಲಿಲ್ಲ. ಆ ಹುಡುಗಿ ಏನೂ ಅನ್ನದಿದ್ದಾಗಲೇ ಹೆದರಬೇಕು.

ಅದು ಸಾಲದೆಂದು ಬಟ್ಟೆ ಒಗೆಯುವ ಕಲ್ಲಿನ ಸುತ್ತ ಇನ್ನೊಂದು ಪೀಡೆ ಹುಟ್ಟಿತ್ತು. ಹಕ್ಕರಕಿಯೇ, ಆದರೆ ಗುರುತಿಲ್ಲದ್ದು. ಯಾವ ದರಿದ್ರದವಳು ಎರಡು ಮೂಲಂಗಿ ಬೀಜಕ್ಕೂ ಗತಿ ಇಲ್ಲದೆ ಬಿತ್ತಿದಳೋ ಏನೋ. ನನ್ನ ಬಂಗಾರದಂಥ ಹಕ್ಕರಕಿ ಯಾರದೋ ಹೊಟ್ಟೆಗೆ ಹೋಗುತ್ತಿರುವಾಗ ಈ ಪರದೇಶಿ ಹಕ್ಕರಕಿಗೆ ನಾನು ನೀರು ಹೊರಬೇಕು. ಎಂಟು ದಿನ ಕಾದೆ. ಒಂಬತ್ತನೇ ದಿನದಿಂದ ಸಿಟ್ಟು ಬಂದಾಗಲೆಲ್ಲ ಹೋಗಿ ಬೇರು ಸಮೇತ ಕಿತ್ತೆ. ನನಗೆ ಸಿಟ್ಟು ದಿನಕ್ಕೆ ಮೂರು ಸಲ ಬರುತ್ತಿತ್ತು. ಕಿತ್ತದ್ದರಲ್ಲಿ ಒಂದಿಷ್ಟು ಎಮ್ಮೆಗೆ ಹಾಕಿದೆ, ಒಂದಿಷ್ಟು ಮಗ ರೊಟ್ಟಿ ಜೊತೆ ತಿಂದು ಚಲೋ ಐತಿ ಎಂದ. ಅವನಿಗೆ ಹುಲ್ಲು ಕೊಟ್ಟರೂ ಚಲೋ ಐತಿ. ನಾನು ನಾಲಿಗೆಗೆ ಕೂಡ ತಾಗಿಸಲಿಲ್ಲ. ಅವ್ವನದು ಸಿಗುವವರೆಗೆ ಕಂಡವರ ಹಕ್ಕರಕಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದೆ.

ಯುಗಾದಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಹಿತ್ತಲ ಬಾಗಿಲು ಕಿರುಗುಟ್ಟಿತು. ನೀಲಗಂಗವ್ವ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಕುಡಗೋಲು, ತಲೆಯ ಮೇಲೆ ಸೆರಗು, ಮುಖದಲ್ಲಿ ಒಂಬತ್ತು ವರ್ಷ. ಬಿತ್ತಿದವಳು ಬುಟ್ಟಿ ಹಿಡಿದು ಬಂದರೆ ಒಳಗೆ ಬಿಡದಿರುವ ಹಾಗಿಲ್ಲ. ಗಿರಣಿಯಲ್ಲಿ ಹಿಟ್ಟು ಬೀಸಿಸಲು ಹೋದಾಗ ಶಶಿಕಲಾ ಅವಳಿಗೆ, ಸಣ್ಣತ್ತಿ ನಿಮ್ಮ ಕೊತ್ತಂಬರಿ ಚಟ್ನಿ ಬಾಳ ಚಲೋ ಆಗೇತಿ ಎಂದಿದ್ದಳಂತೆ. ಸೊಸೆಯರನ್ನು ನಂಬಬೇಡಿ.

"ನಿನ್ನ ಮಾರಿ ನೋಡಾಕ ಬಂದಿಲ್ಲ ಯಕ್ಕಾ. ನನ್ನ ಕೊತ್ತಂಬರಿ ನೋಡಾಕ ಬಂದೀನಿ" ಎಂದಳು.

ಕ್ರಮದ ಪ್ರಕಾರ ನೀರು, ಬೆಲ್ಲ ತಂದಿಟ್ಟೆ. ಬೆಲ್ಲ ಮುಟ್ಟಲಿಲ್ಲ, ನೀರು ಕುಡಿದಳು. ಚಾಪೆ ಸರಿಸಿ, ಕುಕ್ಕುರುಗಾಲಲ್ಲಿ ಕೂತು, ಸಾಲಿನ ಮೇಲೆ ಕೈ ಆಡಿಸಿದಳು. ಅರ್ಧಕ್ಕರ್ಧ ತುದಿ ಇರಲಿಲ್ಲ.

"ಆಡು ನುಗ್ಗಿತ್ತೇನು?"

"ಹೂಂ, ನುಗ್ಗಿತ್ತು" ಎಂದೆ.

"ಎರಡು ಕಾಲಿನ ಆಡು ಇರಬೇಕು. ಉಗುರಿಲೆ ಚಿವುಟೇತಿ."

ನಾನು ನುಗ್ಗೆ ಮರದ ಮೇಲಿನ ಗುಬ್ಬಿಗಳನ್ನು ನೋಡುತ್ತ ನಿಂತೆ. ಅವಳು ಬೇರು ಅಲುಗದ ಹಾಗೆ, ನೆಲದಿಂದ ಎರಡು ಬೆರಳು ಮೇಲೆ ಕೊಯ್ದಳು. ಅವಳ ಕೊಯ್ಲು ಮಾತ್ರ ಯಾವತ್ತೂ ಚೆಂದ. ಕೊಯ್ದ ಮೇಲೆ ಮಡಿ ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮದುಮಗನ ತಲೆಯ ಹಾಗಿರುತ್ತದೆ. ಒಂದು ಹಿಡಿ ಕಟ್ಟಿ ನನ್ನ ಕಟ್ಟೆಯ ಮೇಲಿಟ್ಟಳು. ಇಷ್ಟು ತಿಂದವಳಿಗೆ ಮತ್ತೊಂದು ಹಿಡಿ. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಹೊರಡುವಾಗ ಕಲ್ಲಿನ ಹತ್ತಿರ ಕುಡಗೋಲು ತೊಳೆಯಲು ಹೋದಳು. ಅಲ್ಲಿ ನಾನು ಬೆಳಿಗ್ಗೆಯಷ್ಟೇ ಕಿತ್ತ ಹಕ್ಕರಕಿಯ ಗುಡ್ಡೆ ಬಿದ್ದಿತ್ತು, ಎಮ್ಮೆಗೆಂದು. ಇದು ಯಾರದ್ದೆಂದು ಕೇಳಿದಳು. ಯಾವಳೋ ಗುರುತುಗೇಡಿಯದು ಎಂದು ನಾನು ಶುರುಮಾಡಿದೆ. ನನ್ನ ಅವ್ವನ ಬೀಜ ಕಳೆದದ್ದು, ಊರೆಲ್ಲ ಅಲೆದದ್ದು, ಊರವರೆಲ್ಲ ಕಳ್ಳರಾದದ್ದು, ಎಲ್ಲ ಹೇಳಿದೆ. ಅವಳಿಗೆ ಹೇಳಲಿಲ್ಲ, ಗೋಡೆಗೆ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತ ಗುಡ್ಡೆಯಿಂದ ಒಂದು ಎಲೆ ಎತ್ತಿ, ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಹಾಗೇ ಸ್ವಲ್ಪ ಹೊತ್ತು ನಿಂತಳು.

"ಇದು ನಿಮ್ಮವ್ವಂದ" ಎಂದಳು.

ನನಗೆ ನಗು ಬಂತು. ಈ ಊರು ಹುಟ್ಟಿದಾಗಿನಿಂದ ಬಿತ್ತಿದವರ ಹಿತ್ತಲಲ್ಲೇ ತಪ್ಪಲು ಹುಟ್ಟಿದ್ದನ್ನು ಯಾರೂ ಕಂಡಿಲ್ಲ, ಕೇಳಿಲ್ಲ. ಯಾರೂ ತನ್ನ ಬೀಜವನ್ನು ತನ್ನ ಹಿತ್ತಲಲ್ಲಿ ಹುಡುಕುವುದಿಲ್ಲ. ಹುಡುಕಿದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅದನ್ನೇ ಅವಳಿಗೆ ಹೇಳಿದೆ, ನಿನ್ನ ನಾಲಿಗೆ ಕೆಟ್ಟಿದೆ ಎಂದೂ ಸೇರಿಸಿದೆ. ಅವಳು ವಾದ ಮಾಡಲಿಲ್ಲ. ಹದಿನೆಂಟು ವರ್ಷ ಇದನ್ನು ನಿನ್ನ ಪಕ್ಕದಲ್ಲಿ ಕೂತು ತಿಂದಿದ್ದೇನೆ, ಒಂಬತ್ತು ವರ್ಷ ತಿಂದಿಲ್ಲ, ತಿಂದವರಿಗಿಂತ ತಿನ್ನದವರಿಗೇ ರುಚಿ ನೆನಪಿರುತ್ತದೆ ಎಂದಳು. ಒಂದು ಎಲೆ ನನ್ನ ಮುಂದೆ ಹಿಡಿದಳು.

ತಿನ್ನಲು ನನಗೆ ಮನಸ್ಸಿರಲಿಲ್ಲ. ಯಾಕೆಂದರೆ ಅವಳ ನಾಲಿಗೆ ಈಗ ನಿಜ ಹೇಳಿದ್ದರೆ, ಅವತ್ತು ಬೀಗರೂಟದಲ್ಲೂ ನಿಜ ಹೇಳಿದ್ದ ಹಾಗೆ. ಒಂದೇ ನಾಲಿಗೆಯನ್ನು ಒಂದು ಎಲೆಗೆ ನಂಬಿ ಇನ್ನೊಂದು ಎಲೆಗೆ ನಂಬುವುದಿಲ್ಲ ಎನ್ನಲು ಬರುವುದಿಲ್ಲ. ಆದರೂ ತಿಂದೆ. ಕಹಿ. ನೋಡು, ಬರೀ ಕಹಿ, ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಾಲಿಗೆಯ ಬುಡದಲ್ಲಿ ನನ್ನ ಅವ್ವ ಬಂದು ಕೂತಳು.

ನಾನು ಒಗೆಯುವ ಕಲ್ಲಿನ ಮೇಲೆ ಕೂತೆ. ಹತ್ತು ದಿನ ಊರವರ ಹಲ್ಲು ನೋಡುತ್ತ ತಿರುಗಿದ್ದೆ. ಅಷ್ಟೂ ದಿನ ಅವ್ವನ ಬೀಜವನ್ನು ನನ್ನ ಕೈಯಾರೆ ಬೇರು ಸಮೇತ ಕಿತ್ತು ಎಮ್ಮೆಗೆ ಹಾಕಿದ್ದೆ. ಶಶಿಕಲಾ ಬಂದು ನೋಡಿ, ಮೂಲಂಗಿ ಬೀಜ ನುಸಿ ತಿಂದಿದೆ ಎಂದು ಹೇಳಿದ್ದೆ ಅತ್ತೀ ಎಂದಳು. ಆ ಹೊತ್ತಿಗೆ ಅದನ್ನು ಹೇಳಲೇಬೇಕಿತ್ತು ಅವಳಿಗೆ.

ನೀಲಗಂಗವ್ವ ಬುಟ್ಟಿ ಕೆಳಗಿಟ್ಟು, ಮೊಣಕಾಲೂರಿ, ಕಲ್ಲಿನ ಸುತ್ತ ಒಂದೊಂದೇ ಹುಲ್ಲು ಸರಿಸಿ ನೋಡಿದಳು. ಎಲ್ಲೂ ಇಲ್ಲ. ಕೊನೆಗೆ ಕಲ್ಲಿನ ಹಿಂದೆ, ನನ್ನ ಕೈ ಹೋಗದ ಬಿರುಕಿನಲ್ಲಿ, ಅಂಗೈಯಷ್ಟು ಒಂದು ಗಿಡ ಸಿಕ್ಕಿತು. ಒಂದೇ ಒಂದು.

ಆಮೇಲಿನ ಒಂದು ತಿಂಗಳು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಶತ್ರು ದಿನಾ ಪಕ್ಕದಲ್ಲೇ ಕೂತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ ಬಂದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗುತ್ತಿದ್ದಳು. ನಾನು ನೀರು ಹಾಕಿದರೆ ಹೆಚ್ಚಾಯಿತು ಎನ್ನುವಳು, ಹಾಕದಿದ್ದರೆ ಬಾಡಿತು ಎನ್ನುವಳು. ಬುಟ್ಟಿ ಬೋರಲು ಹಾಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ತೆಗೆಯುವಳು. ತೆಗೆದರೆ ಕೋಳಿ ಬರುತ್ತದೆ ಎಂದು ನಾನು ಮುಚ್ಚುವೆ. ಒಂದು ದಿನ ಶಶಿಕಲಾ ಮರೆತು ಸೋಪಿನ ಬಿಸಿನೀರು ಚೆಲ್ಲಲು ಬಕೆಟ್ ಎತ್ತಿದಳು. ನಾವಿಬ್ಬರೂ ಏಕಕಾಲಕ್ಕೆ ಚೀರಿದ ಸದ್ದಿಗೆ ಗಿರಣಿ ನಿಂತಿತು. ಊರಲ್ಲಿ ಸುದ್ದಿಯಾಗಿ, ತನ್ನ ಹಿತ್ತಲಲ್ಲಿ ತನ್ನದೇ ತಪ್ಪಲು ಹುಟ್ಟಿದ ಮುದುಕಿ ಎಂದು ಜನ ನನ್ನನ್ನು ನೋಡಲು ಬಂದರು, ಗಿಡವನ್ನಲ್ಲ. ಕುರವತ್ತೆಪ್ಪ ಮಾಸ್ತರರು ಇದು ಸಾಧ್ಯವಿಲ್ಲ ಎಂದು ಹೇಳಿ, ಒಂದು ಎಲೆ ಕೇಳಿ, ಬೈಸಿಕೊಂಡು ಹೋದರು.

ಇಷ್ಟರಲ್ಲಿ ಅವಳು ಉಪ್ಪಿನ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಡಬಹುದಿತ್ತು. ದಿನಾ ಮಧ್ಯಾಹ್ನ ನಮ್ಮ ಮನೆಯ ಪಲ್ಯ ತಿನ್ನುವಳು, ಸಪ್ಪೆ ಎನ್ನಳು, ಉಪ್ಪೆನ್ನಳು, ಸುಮ್ಮನೆ ಕೈ ತೊಳೆಯುವಳು. ಅವಳು ಕೈ ತೊಳೆಯುವ ಸದ್ದಿಗೇ ನನಗೆ ಮೈ ಉರಿಯುತ್ತಿತ್ತು.

ಬಸವ ಜಯಂತಿಯ ಹೊತ್ತಿಗೆ ಗಿಡದ ನಡುವಿನಿಂದ ದಂಟು ಎದ್ದು, ಹಳದಿ ಹೂ ಬಿಟ್ಟು, ಹೂ ಬಾಡಿ ಬಿಳಿ ಅರಳೆಯಾಯಿತು. ಹಕ್ಕರಕಿಯ ಬೀಜಕ್ಕೆ ರೆಕ್ಕೆ ಇರುತ್ತದೆ. ಹದ ತಪ್ಪಿ ಒಂದು ಗಾಳಿ ಬೀಸಿದರೆ ಊರು ದಾಟಿ ಹೋಗುತ್ತದೆ. ಅವತ್ತು ಮಧ್ಯಾಹ್ನ ನುಗ್ಗೆ ಎಲೆ ಅಲುಗಲು ಶುರುವಾಯಿತು. ಒಳಗೆ ಓಡಿ ನನ್ನ ಗಂಡನ ಹಳೆಯ ಧೋತರ ತಂದೆ, ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಗಿಡದ ಮೇಲೆ ಹೊದಿಸಿ, ಬುಡಕ್ಕೆ ಸುತ್ತಿ, ಇಬ್ಬರೂ ಉಸಿರು ಬಿಗಿ ಹಿಡಿದು ದಂಟು ಬಗ್ಗಿಸಿ ಅಲುಗಿಸಿದೆವು. ಧೂಳು ಎದ್ದು ಸುಂಟರಗಾಳಿ ಹಿತ್ತಲನ್ನೆಲ್ಲ ಒಮ್ಮೆ ಸುತ್ತಿ ಹೋಯಿತು. ಬೆಟ್ಟ ಹಾರುವಂಥ ಗಾಳಿ. ನಮ್ಮ ಇಬ್ಬರ ಸೆರಗೂ ತಲೆಯಿಂದ ಹಾರಿತು, ಧೋತರ ಬಿಡಲಿಲ್ಲ.

ಗಾಳಿ ನಿಂತ ಮೇಲೆ ಮೆಲ್ಲಗೆ ಬಿಚ್ಚಿ ನೋಡಿದೆವು. ನಡುವೆ, ಬಟ್ಟೆಯ ಮಡಿಕೆಯಲ್ಲಿ, ಎರಡು ಚಿಟಿಕೆ ಬೀಜ. ಅವ್ವ ಕಟ್ಟಿ ಕಳಿಸಿದ್ದ ಗಂಟಿನ ಕಾಲು ಭಾಗವೂ ಇಲ್ಲ. ಇದ್ದಷ್ಟು ಸಾಕು.

ಅವಳ ಮುಖ ನೋಡಿದೆ. ಕೂದಲ ತುಂಬ ಧೂಳು, ಹುಬ್ಬಿನ ಮೇಲೆ ಒಂದು ಅರಳೆ ಅಂಟಿತ್ತು. ಒಂಬತ್ತು ವರ್ಷದಿಂದ ಗಂಟಲಲ್ಲಿ ಕೂತಿದ್ದದ್ದು ತಾನೇ ಎದ್ದು ಬಂತು.

"ನೀಲಾ. ಅವತ್ತ ಪಚಡ್ಯಾಗ ಉಪ್ಪು ಎರಡು ಸಲ ಬಿದ್ದಿರಲಿಲ್ಲ" ಎಂದೆ.

ಅವಳು ಬೀಜದಿಂದ ಕಣ್ಣೆತ್ತಿದಳು.

"ಮೂರು ಸಲ ಬಿದ್ದಿತ್ತು. ಬೀಗರು ಬಂದ್ರು ಅಂತ ಗಾಬ್ರ್ಯಾಗಿ ಕೈ ತಪ್ಪಿತ್ತು. ನಾ ತಿಂದ ನೋಡಿದ್ದೆ. ಗೊತ್ತಿತ್ತು ನನಗ."

ನೀಲಗಂಗವ್ವ ಹುಬ್ಬಿನ ಮೇಲಿನ ಅರಳೆಯನ್ನು ಎರಡು ಬೆರಳಲ್ಲಿ ತೆಗೆದು, ಬೀಜ ಇದೆಯೇ ನೋಡಿ, ಇದ್ದದ್ದನ್ನು ಜೋಪಾನವಾಗಿ ಬಟ್ಟೆಗೆ ಉದುರಿಸಿದಳು.

"ನನಗೂ ಗೊತ್ತಿತ್ತು" ಎಂದಳು. "ಎರಡು ಸಲ ಅಂದದ್ದು ನಿನ್ನ ಮರ್ಯಾದಿಗೆ."

ಇವಳ ಜೊತೆ ಇನ್ನೊಂದು ಒಂಬತ್ತು ವರ್ಷ ಮಾತು ಬಿಡಬೇಕು ಎನಿಸಿತು. ಅಲ್ಲೇ, ಆಗಲೇ ಬಿಟ್ಟುಬಿಡುತ್ತಿದ್ದೆ. ಏನು ಮಾಡಲಿ, ಧೋತರದ ಇನ್ನೊಂದು ತುದಿ ಅವಳ ಕೈಯಲ್ಲಿತ್ತು.